ಒಣಕಸದ ಮೂಟೆಗಳಿಗೆ ದಾಖಲೆ ಇಡುವುದು ಹೇಗೆ?

ಪ್ರಶ್ನೆ (ಕೋಲಾರ ತಾಲ್ಲೂಕು):
ನಮ್ಮ ಪಂಚಾಯಿತಿಯ ಒಣಕಸ ಘಟಕವನ್ನು ಸಂಘದ ಮಹಿಳೆಯರಾದ ನಾವೇ ನಡೆಸುತ್ತಿದ್ದೇವೆ. ಹಾಲಿನ ಕವರ್, ನೀರಿನ ಬಾಟಲಿ, ಟೊಮೆಟೊ ತೋಟಗಳ ಮಲ್ಚಿಂಗ್ ಶೀಟ್ (ಗಿಡದ ಬುಡದ ಮಣ್ಣಿಗೆ ಹೊದಿಸುವ ಪ್ಲಾಸ್ಟಿಕ್ ಹಾಳೆ) ಎಲ್ಲವನ್ನೂ ವಿಂಗಡಿಸಿ ಮೂಟೆ ಕಟ್ಟುತ್ತೇವೆ. ಕಳೆದ ತಿಂಗಳು ಖರೀದಿದಾರರು ಒಂದು ಲೋಡನ್ನು ಬೆರಕೆ ಮಾಲೆಂದು ಹಿಂದಿರುಗಿಸಿದಾಗ, ಅದು ಯಾವ ಊರಿನದು, ಯಾವ ದಿನದ್ದು ಎಂದು ಹೇಳಲು ನಮ್ಮಲ್ಲಿ ದಾಖಲೆಯೇ ಇರಲಿಲ್ಲ. ಏನೇನು ಬರೆದಿಡಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ 1:
ಮೇಡಂ, ಪ್ರತಿ ಮೂಟೆಗೂ ಒಂದು ಸಂಖ್ಯೆ ಕೊಟ್ಟು, ದಿನಾಂಕ, ಊರು, ಬಗೆ, ತೂಕ ಮತ್ತು ವಿಂಗಡಿಸಿದವರ ಹೆಸರನ್ನು ಪುಸ್ತಕದಲ್ಲಿ ಬರೆಯಿರಿ. ಸಂಖ್ಯೆಯನ್ನು ಚೀಲದ ಮೇಲೆಯೇ ಮಾರ್ಕರಿನಿಂದ ಬರೆಯುವುದು ಒಳ್ಳೆಯದು, ಕಾಗದದ ಚೀಟಿ ನೆನೆದು ಹರಿಯುತ್ತದೆ. ಬಗೆಯನ್ನು ಬಾಟಲಿಯ ತಳದ ತ್ರಿಕೋನದೊಳಗಿನ ಅಂಕಿಯಿಂದ ಗುರುತಿಸಬಹುದು: 1 ಎಂದರೆ ಪಿಇಟಿ (ನೀರಿನ ಬಾಟಲಿಯ ಪ್ಲಾಸ್ಟಿಕ್), 3 ಎಂದರೆ ಪಿವಿಸಿ (ಪೈಪುಗಳಿಗೆ ಬಳಸುವ ಪ್ಲಾಸ್ಟಿಕ್). ಇವೆರಡೂ ನೀರಿನಲ್ಲಿ ಮುಳುಗುವುದರಿಂದ ತೊಳೆಯುವ ತೊಟ್ಟಿಯಲ್ಲಿ ಬೇರೆಯಾಗುವುದಿಲ್ಲ. ಪಿಇಟಿ ಕರಗುವ ಸುಮಾರು 250 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಪಿವಿಸಿ ಆಮ್ಲದ ಅನಿಲವನ್ನು ಬಿಟ್ಟು ಒಳ್ಳೆಯ ಮಾಲನ್ನೂ ಕೆಡಿಸುತ್ತದೆ. ಆದ್ದರಿಂದ ನಿಮ್ಮ ಕೈಯ ವಿಂಗಡಣೆಯೇ ಇಲ್ಲಿ ನಿರ್ಣಾಯಕ.

ಉತ್ತರ 2 (ಚಿಂತಾಮಣಿ):
ಮಲ್ಚಿಂಗ್ ಶೀಟಿಗೆ ಬೇರೆ ಪುಟವನ್ನೇ ಇಡಿ. ಅದಕ್ಕೆ ಅಂಟಿದ ಕೆಮ್ಮಣ್ಣು ತೂಕದಲ್ಲಿ ಸೇರಿಕೊಳ್ಳುವುದರಿಂದ, ಒಣಗಿಸಿ ಕೊಡವುವ ಮೊದಲೊಮ್ಮೆ, ಅನಂತರ ಇನ್ನೊಮ್ಮೆ ತೂಗಿ ಬರೆದರೆ ಯಾವ ತೋಟದ ಮಾಲು ಎಷ್ಟು ಶುದ್ಧವೆಂಬುದು ತಿಳಿಯುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ಸೋಮವಾರದಿಂದಲೇ ಮೂಟೆಗಳಿಗೆ ಸಂಖ್ಯೆ ಹಾಕಲು ಆರಂಭಿಸುತ್ತೇವೆ.