ಸಹಾಯ ಬೇಕು: ಕ್ಯಾಪ್ಸುಲ್ ಬದಲಿಸಿದ ಮೇಲೆ ಮೈಕ್‌ನಲ್ಲಿ ಚಟಪಟ ಸದ್ದು

ನಮಸ್ಕಾರ. ಕಥೆ ಓದಿ ರೆಕಾರ್ಡ್ ಮಾಡೋಣ ಅಂತ ತಗೊಂಡಿದ್ದ ಬಿಎಂ-800 ಮಾದರಿಯ ಅಗ್ಗದ ಮೈಕ್ ಒಂದಿದೆ. ಸುಮ್ನೆ ಇರಲಾರದೆ ಬಿಚ್ಚಿದೆ. ಒಳಗಿದ್ದ ಪುಟ್ಟ ಎಲೆಕ್ಟ್ರೆಟ್ (ತನ್ನಲ್ಲೇ ಚಾರ್ಜ್ ಇಟ್ಟುಕೊಂಡಿರುವ) ಕ್ಯಾಪ್ಸುಲ್, ಅಂದ್ರೆ ದನಿ ಹಿಡಿಯುವ ಭಾಗ, ತೆಗೆದು 34 ಮಿ.ಮೀ. ಕ್ಯಾಪ್ಸುಲ್ ಕೂರಿಸಿದೆ. ಇದಕ್ಕೆ ಹೊರಗಿಂದ ವೋಲ್ಟೇಜ್ ಬೇಕಲ್ವಾ, ಅದಕ್ಕೆ ಮೈಕ್ ಕೇಬಲ್‌ನಲ್ಲೇ ಬರುವ 48 ವೋಲ್ಟ್ ಫ್ಯಾಂಟಮ್ ಪವರ್‌ನಿಂದಲೇ ಒಂದು ಎಳೆ ತೆಗೆದು, ಫಿಲ್ಟರ್ ಮಾಡಿ, 1 ಗಿಗಾಓಮ್ ರೆಸಿಸ್ಟರ್ ಮೂಲಕ ಕ್ಯಾಪ್ಸುಲ್‌ಗೆ ಕೊಟ್ಟೆ, ಹೊಸ ಜೆಫೆಟ್‌ನ (ಕ್ಯಾಪ್ಸುಲ್‌ನ ಸಿಗ್ನಲ್ ತಗೊಳ್ಳುವ ಟ್ರಾನ್ಸಿಸ್ಟರ್) ಗೇಟ್‌ನಿಂದ, ಅಂದ್ರೆ ಸಿಗ್ನಲ್ ಒಳಹೋಗುವ ಕಾಲಿನಿಂದ, ಗ್ರೌಂಡ್‌ಗೆ ಇನ್ನೊಂದು 1 ಗಿಗಾಓಮ್, ನಡುವೆ 1000 ಪಿಕೋಫ್ಯಾರಡ್ ಕೆಪಾಸಿಟರ್.

ಎರಡು ದಿನ ದನಿ ಬೆಣ್ಣೆ ಹಾಗಿತ್ತು. ನಮ್ಮದು ಉಡುಪಿ ಕಡೆ, ಮಳೆ ಹಿಡಿಯಿತು, ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಶುರು. ಹೇರ್ ಡ್ರೈಯರ್‌ನಿಂದ ದೂರದಿಂದಲೇ ಬೆಚ್ಚಗೆ ಮಾಡಿದರೆ ನಿಲ್ಲುತ್ತದೆ, ಅರ್ಧ ಗಂಟೆಗೆ ಮತ್ತೆ ಅದೇ ಕಥೆ.

ಬೋರ್ಡ್ ಮೇಲೆ ಬೆಸುಗೆಯ ಫ್ಲಕ್ಸ್ ಅಂಟಿಕೊಂಡಿದೆ, ಬರಿಗೈಯಲ್ಲಿ ಮುಟ್ಟಿದ್ದೂ ಹೌದು (ಬೈಯಬೇಡಿ), ಆ ಕೊಳೆ ತೇವ ಹಿಡಿದು ಕರೆಂಟ್ ಸೋರುತ್ತಿದೆಯೇನೋ ಅಂತ ಅನುಮಾನ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದರೆ ಸಾಕಾ? ಇಲ್ಲಾ ಗೇಟ್ ಕಾಲನ್ನು ಬೋರ್ಡಿನಿಂದ ಎತ್ತಿ ಗಾಳಿಯಲ್ಲೇ ಬೆಸುಗೆ ಹಾಕಬೇಕಾ? ಕ್ಯಾಪ್ಸುಲ್ಲೇ ತೇವ ಎಳೆದಿದ್ದರೆ ಅದನ್ನು ಪತ್ತೆ ಮಾಡುವುದು ಹೇಗೆ? ಕರಾವಳಿಯಲ್ಲಿ ಇಂಥ ಮೈಕ್ ಇಟ್ಟುಕೊಂಡವರು ದಯವಿಟ್ಟು ಹೇಳಿ, ಮೈಕ್ ಸದ್ಯ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮಲಗಿದೆ.