ಪೇ ಸ್ಲಿಪ್‌ನಲ್ಲಿ ಫೆಬ್ರವರಿ ಪಿಟಿ (ವೃತ್ತಿ ತೆರಿಗೆ) 300, ಜೊತೆಗೆ ಟಿಡಿಎಸ್ (ಸಂಬಳದಲ್ಲೇ ಹಿಡಿಯುವ ಆದಾಯ ತೆರಿಗೆ) 1,674: ಯಾಕೆ?

ಗಡಿಯಾಚೆ:
ಮನೆ ಹೊಸೂರು, ಕೆಲಸ ಎಲೆಕ್ಟ್ರಾನಿಕ್ ಸಿಟಿ. 2025-26ರಲ್ಲಿ ತಿಂಗಳಿಗೆ ಗ್ರಾಸ್ 52,000, ಅದರಲ್ಲಿ ಬೇಸಿಕ್ 26,000. ಫೆಬ್ರವರಿ ಸ್ಲಿಪ್‌ನಲ್ಲಿ ಪಿಎಫ್ 3,120, ಪಿಟಿ 300, ಟಿಡಿಎಸ್ 1,674. ಜನವರಿವರೆಗೂ ಪಿಟಿ 200 ಇತ್ತು. ವಾಸ ತಮಿಳುನಾಡಿನಲ್ಲಿದ್ದರೂ ಕರ್ನಾಟಕಕ್ಕೆ ಪಿಟಿ ಕಟ್ಟಬೇಕಾ? 12 ಲಕ್ಷದವರೆಗೆ ತೆರಿಗೆ ಇಲ್ಲ ಅಂತಾರಲ್ಲ, ಮತ್ತೆ ಟಿಡಿಎಸ್ ಯಾಕೆ?

ಪೇರೋಲ್ ಮೇಜು:
ಪಿಟಿ ಸರಿಯಾಗೇ ಇದೆ. ಸಂವಿಧಾನದ 276ನೇ ವಿಧಿ ಪ್ರಕಾರ ವೃತ್ತಿ ತೆರಿಗೆ ವರ್ಷಕ್ಕೆ 2,500 ದಾಟುವಂತಿಲ್ಲ. ಕರ್ನಾಟಕದಲ್ಲಿ ತಿಂಗಳಿಗೆ 200ರಂತೆ 2,400 ಆಗುತ್ತಿತ್ತು. 2025ರ ತಿದ್ದುಪಡಿ ಆದಮೇಲೆ ಫೆಬ್ರವರಿಗೆ ಮಾತ್ರ 300. ಹನ್ನೊಂದು ತಿಂಗಳಿನ 2,200ಕ್ಕೆ ಇದನ್ನು ಸೇರಿಸಿ, ಸರಿಯಾಗಿ 2,500.

ಈ ತೆರಿಗೆ ಹೋಗುವುದು ಕೆಲಸದ ಜಾಗಕ್ಕೆ, ಮನೆ ವಿಳಾಸಕ್ಕಲ್ಲ. ಹೊಸೂರಿನಲ್ಲಿ ಕೆಲಸ ಇದ್ದಿದ್ದರೆ ಅಲ್ಲಿನ ಸ್ಥಳೀಯ ಸಂಸ್ಥೆಗೆ ಆರು ತಿಂಗಳಿಗೊಮ್ಮೆ ಕಟ್ಟಬೇಕಿತ್ತು. ಇನ್ನೊಂದು, ಪಿಟಿ ಶುರುವಾಗುವ ತಿಂಗಳಿಗೆ 25,000ದ ಮಿತಿ ನೋಡುವುದು ಬೇಸಿಕ್ ಮೇಲಲ್ಲ, ಭತ್ಯೆಗಳೂ ಸೇರಿದ ಸಂಬಳದ ಮೇಲೆ. ತುಂಬಾ ಜನ ಎಡವುವುದು ಇಲ್ಲೇ.

ಲೆಕ್ಕಪತ್ರ:
ಟಿಡಿಎಸ್ ಮೊತ್ತ ನೋಡಿದರೇ ಗೊತ್ತಾಗುತ್ತದೆ, ಆದಾಯ ತೆರಿಗೆಗೆ ಹಳೆಯದು, ಹೊಸದು ಅಂತ ಎರಡು ಲೆಕ್ಕದ ಪದ್ಧತಿ ಇವೆಯಲ್ಲ, ನಿಮ್ಮನ್ನು ಹಳೆ ಪದ್ಧತಿಯಲ್ಲಿ ಹಾಕಿದ್ದಾರೆ. ಲೆಕ್ಕ ಹಾಕಿ ನೋಡಿ:

ವಾರ್ಷಿಕ 6,24,000. ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ಪಿಟಿ 2,500, ಪಿಎಫ್ 37,440 ಕಳೆದರೆ 5,34,060. ತೆರಿಗೆ 19,312, ಮೇಲೆ 4% ಸೆಸ್, ಒಟ್ಟು ಸುಮಾರು 20,084. ಹನ್ನೆರಡರಿಂದ ಭಾಗಿಸಿ: 1,674.

ಹಳೆ ಪದ್ಧತಿಯಲ್ಲಿ ರಿಬೇಟ್ (ತೆರಿಗೆ ಮನ್ನಾ) ಸಿಗುವುದು 5 ಲಕ್ಷದವರೆಗೆ. ಬಾಡಿಗೆ ರಸೀದಿಯೋ ಎಲ್ಐಸಿಯೋ ತೋರಿಸಿ ಇನ್ನೂ 34,060 ಇಳಿಸಿದ್ದರೆ ತೆರಿಗೆ ಸೊನ್ನೆ ಆಗುತ್ತಿತ್ತು.

ಹೊಸ ಪದ್ಧತಿಯಲ್ಲಿ ಪಿಟಿ, ಪಿಎಫ್ ಎರಡನ್ನೂ ಕಳೆಯುವಂತಿಲ್ಲ. ಆದರೂ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಹೋಗಿ ಉಳಿಯುವುದು 5,49,000. ಸ್ಲ್ಯಾಬ್ ಪ್ರಕಾರ ಬರುವ 7,450 ಪೂರ್ತಿ ರಿಬೇಟ್‌ನಲ್ಲಿ ಹೋಗುತ್ತದೆ. ನೀವು ಕೇಳಿದ 12 ಲಕ್ಷದ ಮಾತು ಈ ಪದ್ಧತಿಯದ್ದೇ. ಏನೂ ಹೇಳದಿದ್ದರೆ ಕಂಪನಿ ಹಿಡಿಯಬೇಕಾದದ್ದು ಹೊಸ ಪದ್ಧತಿಯನ್ನೇ. ಏಪ್ರಿಲ್‌ನಲ್ಲಿ ತುಂಬಿದ ಡಿಕ್ಲರೇಷನ್‌ನಲ್ಲಿ ‘ಹಳೆಯದು’ ಟಿಕ್ ಆಗಿದೆಯಾ ನೋಡಿ.

ಗಡಿಯಾಚೆ:
ನೋಡಿದೆ, ಹಳೆಯದೇ ಟಿಕ್ ಆಗಿದೆ. ಹನ್ನೊಂದು ತಿಂಗಳು ಹಿಡಿದ 18,414 ವಾಪಸ್ ಬರುತ್ತದಾ?

ಲೆಕ್ಕಪತ್ರ:
ಬರುತ್ತದೆ, ಆದರೆ ಕಂಪನಿಯಿಂದಲ್ಲ. ಈಗಾಗಲೇ ಸರ್ಕಾರಕ್ಕೆ ಜಮಾ ಆದ ಹಣ ಅದು. ಮಾರ್ಚ್ ಕಡಿತವನ್ನಾದರೂ ನಿಲ್ಲಿಸಲು ಆಗುತ್ತಾ ಅಂತ ಪೇರೋಲ್‌ನವರಿಗೆ ಇವತ್ತೇ ಮೇಲ್ ಹಾಕಿ. ಉಳಿದದ್ದು ರಿಟರ್ನ್‌ನಲ್ಲಿ. ಸಂಬಳ ಬಿಟ್ಟು ವ್ಯಾಪಾರದ ಆದಾಯ ಇಲ್ಲದವರು ರಿಟರ್ನ್ ಸಲ್ಲಿಸುವಾಗ ಪದ್ಧತಿ ಬದಲಾಯಿಸಬಹುದು. ಕಂಪನಿ ಕೊಡುವ ಟಿಡಿಎಸ್ ಪ್ರಮಾಣಪತ್ರ ಫಾರ್ಮ್ 16ರಲ್ಲಿ ಹಳೆಯದು ಅಂತಿದ್ದರೂ ಅಡ್ಡಿಯಿಲ್ಲ.

ಸಲ್ಲಿಸುವ ಮೊದಲು 26ಎಎಸ್‌ನಲ್ಲಿ (ನಿಮ್ಮ ಹೆಸರಲ್ಲಿ ಜಮಾ ಆದ ತೆರಿಗೆಯ ಪಟ್ಟಿ) ಪೂರ್ತಿ ಟಿಡಿಎಸ್ ಬಂದಿದೆಯಾ ಖಾತ್ರಿ ಮಾಡಿಕೊಳ್ಳಿ. ಒಂದು ತ್ರೈಮಾಸಿಕದ್ದು ಕಾಣದಿದ್ದರೆ ಕಂಪನಿ ಸರಿಪಡಿಸುವವರೆಗೂ ರಿಫಂಡ್ ಸಿಕ್ಕಿಹಾಕಿಕೊಳ್ಳುತ್ತದೆ. ಬ್ಯಾಂಕ್ ಖಾತೆ ಪೋರ್ಟಲ್‌ನಲ್ಲಿ ವ್ಯಾಲಿಡೇಟ್ ಆಗಿರಲಿ, 30 ದಿನದೊಳಗೆ ಇ-ವೆರಿಫೈ ಮಾಡಿ.