ಫಾರ್ಚೂನರ್‌ಗೆ ವೀಲ್ ಸ್ಪೇಸರ್ ಹಾಕಿಸಬಹುದೇ?

ಪ್ರಶ್ನೆ (ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು):
ನಮಸ್ಕಾರ ಸರ್. ನನ್ನದು 2018ರ ಫಾರ್ಚೂನರ್. ಮಳೆಗಾಲದಲ್ಲಿ ತೋಟದ ಒಳದಾರಿಯೆಲ್ಲ ಕೆಸರು. ಅದಕ್ಕೆಂದೇ ಕಂಪನಿಯ 265/65 ಆರ್ 17 ಟೈರ್ ತೆಗೆಸಿ 285/70 ಆರ್ 17 ಮಡ್ ಟೈರ್ ಹಾಕಿಸಿದೆ. ಈಗ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಟೈರ್ ಒಳಮಗ್ಗುಲಲ್ಲಿ ಸಸ್ಪೆನ್ಷನ್ ಆರ್ಮ್‌ಗೆ ಉಜ್ಜುತ್ತದೆ. ಟೈರ್ ಅಂಗಡಿಯವರು ನಾಲ್ಕೂ ಗಾಲಿಗೆ 30 ಮಿ.ಮೀ. ಸ್ಪೇಸರ್ (ಗಾಲಿಯ ಹಿಂದೆ ಕೂರಿಸಿ ಅದನ್ನು ಹೊರಕ್ಕೆ ಸರಿಸುವ ದಪ್ಪ ಲೋಹದ ಬಿಲ್ಲೆ) ಹಾಕಿಸಿ, ಉಜ್ಜುವುದೂ ನಿಲ್ಲುತ್ತದೆ, ಓರೆ ದಾರಿಯಲ್ಲಿ ಮಗುಚುವ ಭಯವೂ ಕಡಿಮೆಯಾಗುತ್ತದೆ ಎಂದರು. ನಮ್ಮ ಅಣ್ಣ ಬೇಡವೇ ಬೇಡ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ (ಸಸ್ಪೆನ್ಷನ್ ಮತ್ತು ಅಲೈನ್‌ಮೆಂಟ್ ಮೆಕ್ಯಾನಿಕ್, ಹಾಸನ):
ಅಣ್ಣನ ಮಾತು ಕೇಳಿ. ಕಾರಣವನ್ನೂ ಹೇಳುತ್ತೇನೆ.

ಗಾಡಿಯ ಭಾರವನ್ನು ಸ್ಟಡ್‌ಗಳು (ಗಾಲಿಯ ನಟ್ ಕೂರುವ ಬೋಲ್ಟ್‌ಗಳು) ಹೊರುತ್ತವೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ನಟ್ ಬಿಗಿದಾಗ ಸ್ಟಡ್ ಕೂದಲೆಳೆಯಷ್ಟು ಹಿಗ್ಗಿ, ಗಾಲಿಯನ್ನು ಹಬ್‌ನ (ಗಾಲಿ ಕೂರುವ, ಅಚ್ಚಿನ ತುದಿಯ ಭಾಗ) ಮುಖಕ್ಕೆ ಅದುಮಿ ಹಿಡಿಯುತ್ತದೆ. ಆ ಎರಡು ಲೋಹದ ಮುಖಗಳ ನಡುವಿನ ಘರ್ಷಣೆಯೇ ಭಾರವನ್ನು ದಾಟಿಸುವುದು. ಹಿಡಿತ ಸ್ವಲ್ಪ ಸಡಿಲವಾದರೂ ಗಾಲಿ ಕಣ್ಣಿಗೆ ಕಾಣದಷ್ಟು ಜಾರತೊಡಗುತ್ತದೆ, ಪ್ರತಿ ಸುತ್ತಿಗೂ ಸ್ಟಡ್ ಬಾಗಿ ನೇರವಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ರೀತಿ ಒಂದು ದಿನ ತುಂಡಾಗುತ್ತದೆ.

ಸ್ಪೇಸರ್ ಹಾಕಿದರೆ ಅಂಥ ಒಂದು ಜೋಡಣೆಯ ಜಾಗದಲ್ಲಿ ಎರಡಾಗುತ್ತವೆ. ನಿಮ್ಮ ಗಾಡಿಯ ಗಾಲಿಗೆ ಆರು ನಟ್. ಸ್ಪೇಸರನ್ನು ಹಬ್‌ಗೆ ಕಟ್ಟಲು ಇನ್ನೂ ಆರು ಬೇಕು. ನಾಲ್ಕು ಗಾಲಿಗೆ ಇಪ್ಪತ್ನಾಲ್ಕು ನಟ್ ಗಾಲಿಯ ಹಿಂದೆ ಅಡಗಿ ಕೂರುತ್ತವೆ, ಗಾಲಿ ಬಿಚ್ಚದೆ ಅವುಗಳಿಗೆ ಪಾನಾ ಎಟುಕುವುದಿಲ್ಲ. ಮಲೆನಾಡಿನ ಕೆಸರು, ನೀರು, ತುಕ್ಕು ಸೇರಿದ ಕಡೆ ಯಾರ ಕೈಯೂ ಹೋಗದ ನಟ್ ಇರುವುದು ನನಗೆ ಒಪ್ಪಿಗೆಯಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಗ್ಯಾರೇಜಿಗೆ ಒಂದು ಗಾಡಿಯನ್ನು ಲಾರಿಯ ಮೇಲೆ ಹೇರಿಕೊಂಡು ಬಂದಿದ್ದರು. ಘಾಟಿಯ ತಿರುವಿನಲ್ಲಿ ಎಡಗಡೆಯ ಹಿಂದಿನ ಗಾಲಿ ಸ್ಪೇಸರ್ ಸಮೇತ ಕಳಚಿ ಚರಂಡಿಗೆ ಉರುಳಿತ್ತು. ಗಾಡಿ ನಿಧಾನವಾಗಿದ್ದುದರಿಂದ ಒಳಗಿದ್ದ ತಾಯಿ, ಇಬ್ಬರು ಮಕ್ಕಳಿಗೆ ಏನೂ ಆಗಲಿಲ್ಲ. ಹಬ್‌ನಲ್ಲಿ ಉಳಿದಿದ್ದ ಸ್ಟಡ್‌ಗಳ ಮೋಟು ನೋಡಿದೆ. ನಾಲ್ಕರ ಮುರುಕು ಹಳೆಯದು, ತುಕ್ಕು ಹಿಡಿದಿತ್ತು. ಎರಡು ಮಾತ್ರ ಹೊಸದಾಗಿ ಹೊಳೆಯುತ್ತಿದ್ದವು. ಎಷ್ಟೋ ದಿನ ಆ ಕುಟುಂಬ ಎರಡೇ ಸ್ಟಡ್‌ಗಳ ಮೇಲೆ ಓಡಾಡಿತ್ತು. ಅಂದಿನಿಂದ ನಾನು ಯಾರಿಗೂ ಸ್ಪೇಸರ್ ಹಾಕಿಕೊಟ್ಟಿಲ್ಲ.

ಇನ್ನು ಬೇರಿಂಗ್. ಜನ, ಸಾಮಾನು ತುಂಬಿದ ಫಾರ್ಚೂನರ್ ಸುಮಾರು 2.7 ಟನ್, ಒಂದು ಗಾಲಿಗೆ ಹೆಚ್ಚುಕಡಿಮೆ 675 ಕೆ.ಜಿ. ಅಷ್ಟು ಭಾರ 30 ಮಿ.ಮೀ. ಹೊರಕ್ಕೆ ಸರಿದರೆ, ಒಂದು ಮೀಟರ್ ಉದ್ದದ ಹಾರೆಯ ತುದಿಗೆ 20 ಕೆ.ಜಿ. ತೂಗುಬಿಟ್ಟಷ್ಟು ಹೆಚ್ಚುವರಿ ತಿರುಚು ಬೇರಿಂಗ್‌ಗೆ ಬೀಳುತ್ತದೆ. ಇದು ಗಾಡಿ ನಿಂತಿರುವಾಗಿನ ಲೆಕ್ಕ. ಗುಂಡಿಗೆ ಬಿದ್ದಾಗ ಇದರ ಹಲವು ಪಟ್ಟು. ಮುಂದಿನ ಗಾಲಿ ಹೊರಕ್ಕೆ ಸರಿದಷ್ಟೂ ಕಲ್ಲಿಗೆ ತಾಗಿದ ಪೆಟ್ಟು ಸ್ಟೀರಿಂಗ್ ಹಿಡಿದ ಕೈಗೆ ಜೋರಾಗಿ ಬರುತ್ತದೆ. ಒಂದು ಗಾಲಿ ಟಾರಿನ ಮೇಲೆ, ಇನ್ನೊಂದು ಕೆಸರಿನಲ್ಲಿ ಇರುವಾಗ ಬ್ರೇಕ್ ಒತ್ತಿದರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ.

ಉಜ್ಜುವುದಾದರೂ ನಿಲ್ಲುತ್ತದೆಯೇ? ಒಳಗಡೆ ನಿಲ್ಲುತ್ತದೆ. ಆದರೆ ಹೊರಕ್ಕೆ ಸರಿದ ಟೈರ್ ತಿರುಗುವಾಗ ದೊಡ್ಡ ಕಮಾನಿನಲ್ಲಿ ಬೀಸುತ್ತದೆ. ಬಂಪರ್‌ಗೋ ಮಡ್‌ಗಾರ್ಡ್‌ನ ಹಿಂಬದಿಗೋ ತಾಗಲು ಶುರುವಾಗುತ್ತದೆ. ನಿಮ್ಮ ಹಳೆಯ ಟೈರ್‌ನ ವ್ಯಾಸ ಸುಮಾರು 776 ಮಿ.ಮೀ., ಹೊಸದು 831. ಶೇಕಡಾ 7ರಷ್ಟು ದೊಡ್ಡದು. ಮೀಟರ್ 70 ತೋರಿಸುವಾಗ ನೀವು 75ರಲ್ಲಿ ಇರುತ್ತೀರಿ, ಬ್ರೇಕಿಗೂ ಅಷ್ಟು ಹೆಚ್ಚು ಕೆಲಸ. ರೋಗ ಇರುವುದು ಟೈರ್‌ನ ಅಳತೆಯಲ್ಲಿ. ಹಳೆಯ ಅಳತೆಯಲ್ಲೇ ಮಡ್ ಟೈರ್ ಸಿಗುತ್ತದೆ, ಅದನ್ನೇ ಹಾಕಿಸಿ.

ಬೆಳೆಗಾರರು:
ಟೈರ್ ವಿಷಯ ಒಪ್ಪಿದೆ ಸರ್. ಆದರೆ ನಮ್ಮ ಕೆರೆ ಏರಿಯ ಪಕ್ಕದ ದಾರಿ ತೀರಾ ಓರೆ. ಗಾಡಿ ಅಗಲವಾದರೆ ಒಳ್ಳೆಯದಲ್ಲವೇ?

ಉತ್ತರ:
ಒಳ್ಳೆಯದೇ, ಎಷ್ಟು ಎಂಬುದನ್ನು ನೋಡೋಣ. ಎಡಬಲ ಗಾಲಿಗಳ ನಡುವಿನ ಅಂತರ ಸುಮಾರು 1,550 ಮಿ.ಮೀ. ಗಾಡಿಯ ಗುರುತ್ವ ಕೇಂದ್ರ ನೆಲದಿಂದ 75 ಸೆಂ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಎರಡೂ ಕಡೆ 30 ಮಿ.ಮೀ. ಅಗಲಿಸಿದರೆ, ನಿಂತ ಗಾಡಿ ಮಗುಚುವ ಓರೆಯ ಕೋನ ಸುಮಾರು ಒಂದೇ ಒಂದು ಡಿಗ್ರಿ ಹೆಚ್ಚುತ್ತದೆ. ಅದೇ ಗಾಡಿಯ ತಲೆಯ ಮೇಲೆ ಕ್ಯಾರಿಯರ್ ಕಟ್ಟಿ 60 ಕೆ.ಜಿ. ಹೇರಿದರೆ ಆ ಒಂದು ಡಿಗ್ರಿ ಹಾಗೇ ಹೊರಟುಹೋಗುತ್ತದೆ. ಗೊಬ್ಬರದ ಚೀಲವನ್ನು ಮೇಲೆ ಹೇರುವ ರೂಢಿ ಇದ್ದರೆ ಬಿಟ್ಟುಬಿಡಿ, ಸ್ಪೇಸರ್ ಕೊಡುವ ಲಾಭ ಬಿಡಿಕಾಸು ಖರ್ಚಿಲ್ಲದೆ ಸಿಗುತ್ತದೆ. ಏರಿಯ ದಾರಿಗೆ ಎರಡು ಟ್ರ್ಯಾಕ್ಟರ್ ಲೋಡ್ ಮಣ್ಣು ಹಾಕಿಸಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ (ಮಡಿಕೇರಿಯಿಂದ ಒಬ್ಬ ಮಹಿಳೆ):
ಸರ್, ನಾನು ಕೊಂಡ ಹಳೆಯ ಗೂರ್ಖಾ ಜೀಪಿಗೆ ಮೊದಲಿನ ಮಾಲೀಕರು ಸ್ಪೇಸರ್ ಹಾಕಿಸಿದ್ದಾರೆ. ಎರಡು ವರ್ಷದಿಂದ ಏನೂ ತೊಂದರೆಯಾಗಿಲ್ಲ. ಇದನ್ನು ಓದಿ ಹೆದರಿಕೆಯಾಯಿತು.

ಉತ್ತರ:
ಹೆದರಬೇಡಿ ಮೇಡಂ, ಆದರೆ ಈ ವಾರವೇ ನಾಲ್ಕೂ ಗಾಲಿ ಬಿಚ್ಚಿಸಿ, ಎದುರಿಗೆ ನಿಂತು ನೋಡಿ. ತನ್ನದೇ ನಟ್, ಸ್ಟಡ್ ಇಲ್ಲದೆ ಸುಮ್ಮನೆ ಮಧ್ಯೆ ತೂರಿಸಿದ ಬಿಲ್ಲೆಯಾಗಿದ್ದರೆ ಅಲ್ಲೇ ತೆಗೆಸಿ. ಅಂಥದ್ದರಲ್ಲಿ ನಟ್‌ಗೆ ಸಿಗುವ ಸ್ಟಡ್‌ನ ಸುರುಳಿ ಎಳೆಗಳು ಕಡಿಮೆಯಾಗಿರುತ್ತವೆ. ನಟ್ ಕಟ್ಟಿದ ಬಗೆಯದಾದರೆ, ಸ್ಪೇಸರ್‌ನ ನಡುವಿನ ರಂಧ್ರ ಹಬ್‌ನ ನಡುವೆ ಉಬ್ಬಿದ ದುಂಡು ಭಾಗಕ್ಕೆ ಬಿಗಿಯಾಗಿ ಕೂರಬೇಕು, ಬೆರಳಲ್ಲಿ ಅಲ್ಲಾಡಬಾರದು. ರಂಧ್ರಗಳ ಸುತ್ತ ಬಿರುಕು, ಸ್ಟಡ್ ಬುಡದಲ್ಲಿ ಕೆಂಪು ಪುಡಿ, ಹಬ್ ಮುಖದಲ್ಲಿ ಬಣ್ಣ ಅಥವಾ ಗ್ರೀಸ್ ಇದೆಯೇ ಎಂದು ನೋಡಿ. ಕೆಂಪು ಪುಡಿ ಎಂದರೆ ಲೋಹ ಲೋಹಕ್ಕೆ ತಿಕ್ಕುತ್ತಿದೆ ಎಂದೇ ಅರ್ಥ. ಹಬ್‌ನ ಮೂಲ ಸ್ಟಡ್ ತುದಿ ಸ್ಪೇಸರ್‌ನಿಂದ ಹೊರಗೆ ಚಾಚಿದ್ದರೆ ಗಾಲಿಯ ಹಿಂಬದಿಗೆ ತಗಲಿ, ಗಾಲಿ ಪೂರ್ತಿ ಕೂತಿರುವುದಿಲ್ಲ. ನಟ್ ಮಾತ್ರ ಬಿಗಿಯಾದಂತೆ ಕಾಣುತ್ತದೆ. ನನ್ನನ್ನು ಕೇಳಿದರೆ ಎಲ್ಲವೂ ಸರಿಯಿದ್ದರೂ ತೆಗೆಸಿಬಿಡಿ, ಮೂಲ ನಟ್‌ಗಳಲ್ಲೇ ಗಾಲಿ ಕಟ್ಟಿಸಿ.

ಕಾನೂನನ್ನೂ ತಿಳಿದಿರಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಒಂದೊಂದು ಅಕ್ರಮ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಆಗಬಹುದು.

ಪ್ರಶ್ನೆ (ದುಬೈನಲ್ಲಿರುವ ಮಂಗಳೂರಿನವರು):
ಇಲ್ಲಿ ಮರಳುಗಾಡಿಗೆ ಲ್ಯಾಂಡ್ ಕ್ರೂಸರ್ ಒಯ್ಯುತ್ತೇವೆ. ಸ್ಪೇಸರ್ ಹಾಕಿದರೆ ಮರಳಿನಲ್ಲಿ ಹೂಳುವುದಿಲ್ಲ ಎನ್ನುತ್ತಾರೆ, ನಿಜವೇ?

ಉತ್ತರ:
ಇಲ್ಲ. ಟೈರ್ ನೆಲಕ್ಕೆ ತಾಗುವ ಜಾಗ ಸ್ಪೇಸರ್‌ನಿಂದ ಒಂದು ಚೂರೂ ಹೆಚ್ಚುವುದಿಲ್ಲ. ಮರಳಿನಲ್ಲಿ ತೇಲಿಸುವುದು ಗಾಳಿ ಇಳಿಸುವುದು. 15 ಪಿಎಸ್‌ಐ ಸುತ್ತಮುತ್ತ ಇಳಿಸಿ, ಟಾರು ರಸ್ತೆಗೆ ಬಂದ ಕೂಡಲೇ ಮರಳಿ ತುಂಬಿಸಿ.

ಪ್ರಶ್ನೆ (ಒಬ್ಬ ಯುವಕ, ಶಿವಮೊಗ್ಗ):
ಹಾಗಾದರೆ ಹೊರಕ್ಕೆ ಚಾಚುವ ಆಫ್‌ಸೆಟ್‌ನ (ಗಾಲಿ ಹಬ್‌ನಿಂದ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬ ಅಳತೆ) ಅಲಾಯ್ ಹಾಕಿಸಿದರೆ?

ಉತ್ತರ:
ಅಷ್ಟೇ ಹೊರಕ್ಕೆ ಚಾಚಿದರೆ ಬೇರಿಂಗ್, ಸ್ಟೀರಿಂಗ್‌ಗೆ ಆಗುವ ತೊಂದರೆಯೂ ಅದೇ. ಅಡಗಿದ ಎರಡನೆಯ ಜೋಡಣೆ ಇರುವುದಿಲ್ಲ, ಆ ಮಟ್ಟಿಗೆ ಸ್ಪೇಸರ್‌ಗಿಂತ ಮೇಲು. ಆದರೂ ಮೂಲ ಆಫ್‌ಸೆಟ್ ಬದಲಿಸಬೇಡಿ ಎಂದೇ ಹೇಳುತ್ತೇನೆ.

ಬೆಳೆಗಾರರು:
ಸರ್, ದೊಡ್ಡ ಟೈರ್ ವಾಪಸ್ ಕೊಟ್ಟು ಹಳೆಯ ಅಳತೆಯದೇ ಹೇಳಿದ್ದೇನೆ. ಹಾಕಿಸುವಾಗ ಏನು ನೋಡಲಿ?

ಉತ್ತರ:
ಸಂತೋಷವಾಯಿತು. ಟೈರ್‌ನ ಭಾರದ ಸೂಚ್ಯಂಕ (ಎಷ್ಟು ತೂಕ ಹೊರಬಲ್ಲದು ಎಂದು ಟೈರ್ ಮೇಲೆ ಬರೆದ ಅಂಕಿ) ಮೂಲ ಟೈರ್‌ಗಿಂತ ಕಡಿಮೆ ಇರಬಾರದು. ಹಬ್ ಮುಖವನ್ನು ತಂತಿ ಬ್ರಷ್‌ನಿಂದ ಉಜ್ಜಿಸಿ. ಅಲಾಯ್‌ಗೆ ವಾಷರ್ ಇರುವ ಚಪ್ಪಟೆ ನಟ್ ಇದ್ದರೆ ಅದನ್ನೇ ಬಳಸಬೇಕು, ಮೊನೆಯ ನಟ್ ಬೆರೆಸಬಾರದು. ಏರ್ ಗನ್‌ನಲ್ಲಿ ಬಡಿಸದೆ, ಎದುರುಬದುರಾಗಿ ಒಂದೊಂದೇ ನಟ್ ಕೂರಿಸಿ, ಗಾಡಿಯ ಪುಸ್ತಕದಲ್ಲಿ ಬರೆದಷ್ಟಕ್ಕೆ ಟಾರ್ಕ್ ವ್ರೆಂಚ್‌ನಿಂದ (ಬಿಗಿತವನ್ನು ಅಳೆಯುವ ಪಾನಾ) ಬಿಗಿಸಿ. ನೂರು ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ. ಹಾಸನದ ಕಡೆ ಬಂದರೆ ನನ್ನ ಗ್ಯಾರೇಜಿನಲ್ಲೇ ನಿಲ್ಲಿಸಿ, ಆರ್ಮ್‌ನಲ್ಲಿ ಉಜ್ಜಿದ ಗುರುತು ಎಷ್ಟು ಆಳವಿದೆ ಎಂದು ನಾನೂ ನೋಡಬೇಕು.